ಬೆನ್ನ ಮೇಲೆ ಹೊತ್ತವನು

ಮೊದಲ ಭೇಟಿಯಲ್ಲೇ ಅವಳು ಅವನನ್ನು ಸಮಾಧಿಗಳ ಕಾವಲುಗಾರನೆಂದುಕೊಂಡು ಜೋರು ಮಾಡಿದ್ದಳು. "ಏನ್ರೀ, ಸಂಬಳ ತಗೊಂಡು ಹುಲ್ಲು ಬೆಳೆಸ್ತಿದ್ದೀರಾ?"

ಅವನು ಕುಂಟುತ್ತ ಬಂದು ಹುಲ್ಲು ಕಿತ್ತ. ಆಮೇಲೆ ಸಮಾಧಿಯತ್ತ ಕೈ ತೋರಿಸಿ, "ಇವನ ಜೊತೆ ಸೈನ್ಯದಲ್ಲಿ ಡ್ರೈವರ್ ಆಗಿದ್ದೆ. ಇನ್ನೇನಾದ್ರೂ ಕೆಲಸ ಇದೆಯಾ ಮೇಡಂ?" ಎಂದ. ಅವಳು ನಾಚಿ ನೀರಾದಳು.

ಆ ಸಮಾಧಿಯೊಳಗೆ ಮಲಗಿದ್ದವನು ಅವಳನ್ನು ಮದುವೆಯಾಗಬೇಕಿದ್ದವನು.

ಅಂದಿನಿಂದ ಪ್ರತಿ ಭಾನುವಾರ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬರುವಳು. ಅವನು ಬಿಸಿಲಿಗೆ ಬೆನ್ನೊಡ್ಡಿ ನಿಂತು ಅವಳಿಗೆ ನೆರಳಾಗುವನು. ಗುಂಡಿನ ಸುರಿಮಳೆಯಲ್ಲಿ ಗೆಳೆಯ ತನ್ನನ್ನು ಬೆನ್ನ ಮೇಲೆ ಹೊತ್ತು ತಂದು ಉಳಿಸಿದ್ದನ್ನು, ಹಾಗೆಯೇ ಪ್ರಾಣ ಬಿಟ್ಟಿದ್ದನ್ನು ಹೇಳುವನು. ಕೇಳುತ್ತ ಕೇಳುತ್ತ ಅವಳ ಕಣ್ಣು ಸಮಾಧಿಯ ಕಲ್ಲಿನಿಂದ ಅವನತ್ತ ಜಾರತೊಡಗಿತು.

"ನನ್ನ ಮುಖದಲ್ಲೇನಿದೆ?"

"ಗಡ್ಡ. ಒಂದು ಕಡೆ ಬಿಟ್ಟೇಬಿಟ್ಟಿದ್ದೀರಿ."

ಅವಳಿಂದ ಇದನ್ನು ಕೇಳಿದ ಸತ್ತವನ ತಾಯಿ ಮಗನ ಸಾಹಸವನ್ನು ಕಲ್ಲಿನ ಮೇಲೆ ಕೆತ್ತಿಸಲು ನಿಂತರು. ಕಲ್ಲುಕುಟಿಗ ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಉಳಿ ಎತ್ತಿದ. ಡ್ರೈವರ್ ಅವಳನ್ನು ಪಕ್ಕಕ್ಕೆ ಕರೆದ.

"ಕಲ್ಲಿಗಾದ್ರೂ ಸುಳ್ಳು ಹೇಳಬಾರದು. ಹೊತ್ತಿದ್ದು ನಾನು. ಅವನು ನನ್ನ ಬೆನ್ನ ಮೇಲೇ ಹೋದ. ಅವನು ಹೇಗೆ ಹೋದ ಅಂತ ಕೇಳಿದಾಗ ನೀವು ಅಳ್ತಿದ್ರಿ, ಬಾಯಿಗೆ ಬಂದದ್ದನ್ನ ಹೇಳ್ಬಿಟ್ಟೆ."

"ಕೊನೆಗೆ ಅವರು ನನ್ನ ಹೆಸರು ಹೇಳಿದ್ರಾ?"

ಅವನು ತಲೆ ತಗ್ಗಿಸಿದ. "ನೀರು ಕೇಳಿದ."



"ಇಷ್ಟು ದಿನ ಹೇಳದೇ ಇದ್ದದ್ದನ್ನ ಇವತ್ತು ಯಾಕೆ ಹೇಳಿದ್ರಿ?"

"ಮದುವೆ ಆಗ್ತೀರಾ ಅಂತ ನಿಮ್ಮನ್ನ ಕೇಳ್ಬೇಕಿತ್ತು. ಸುಳ್ಳಿಟ್ಕೊಂಡು ಹೇಗೆ ಕೇಳ್ಲಿ?"

ಎಷ್ಟು ವಾರದಿಂದ ಕಾದಿದ್ದ ಮಾತು! ಹೂಂ ಅನ್ನಲು ಬಾಯಿ ತೆರೆದವಳಿಗೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದ ಆ ಮುದುಕಿ ತಾಯಿ ಕಂಡರು.

"ಹೇಳಿ ನಿಮಗೆ ಹಗುರ ಆಯ್ತಲ್ಲ? ನಾನೆಲ್ಲಿ ಇಳಿಸ್ಲಿ? ನಿಮ್ಮ ಜೊತೆ ಬಾಳಿದ್ರೆ ಒಂದಿನ ಸಿಟ್ಟಲ್ಲೋ ಸಲಿಗೆಯಲ್ಲೋ ಇದು ಅಲ್ಲಿ ಕೂತಿರೋ ಅತ್ತೆ ಕಿವಿಗೆ ಬಿದ್ದೇ ಬೀಳತ್ತೆ. ಇನ್ಮೇಲೆ ಇಲ್ಲಿಗೆ ಬರ್ಬೇಡಿ."

"ಸುಮ್ನೆ ದೂರ ಕೂತು ಹೋಗ್ತೀನಿ..."

"ಬರ್ಬೇಡಿ ಅಂದೆ."

ಕಲ್ಲುಕುಟಿಗ ಕೂಗಿದ. "ಏನಮ್ಮಾ, ಕೆತ್ತಲಾ?"

"ಕೆತ್ತಿ," ಎಂದಳು.

ಕೆಲಸ ಮುಗಿದಾಗ ಮುದುಕಿ ಡ್ರೈವರನ ಕೈ ಹಿಡಿದು ಎಳೆದರು. "ನನ್ನ ಕಣ್ಣಿಗೆ ನಿಲುಕಲ್ಲ. ಓದಿ ಹೇಳಪ್ಪ, ನೀನೇ ಓದಬೇಕಾದ್ದು."

"ಗಾಯಗೊಂಡ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ತಂದು ಉಳಿಸಿದವನು," ಅವನು ಒಂದಕ್ಷರವೂ ನಡುಗದಂತೆ ಓದಿದ.

ಮುದುಕಿ ಅವನ ಕೆನ್ನೆ ಸವರಿದರು. "ನನ್ನ ಮಗ ಕೊಟ್ಟ ಜೀವ ಇದು. ಬೇಗ ಒಂದು ಒಳ್ಳೆ ಹುಡುಗಿ ನೋಡಿ ಮದುವೆ ಆಗು ಕಂದಾ."

"ಆಗ್ಲಿ ಅಮ್ಮಾ," ಎಂದ ಅವನು.

ಅವಳಿಗೆ ಅವನ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. ಕುಂಟುವ ಹೆಜ್ಜೆಯ ಸದ್ದು ಗೇಟು ದಾಟುವವರೆಗೂ ಅವಳು ಕಲ್ಲಿನ ಪುಡಿಯನ್ನು ಗುಡಿಸುತ್ತಲೇ ಇದ್ದಳು.