ರಾಯಪ್ಪನ ಗಡ್ಡೆ

ವೈದ್ಯಕೀಯ ಕಾಲೇಜಿನ ಮುಖ್ಯಸ್ಥರು ತುಂಬಿದ ಸಭೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿ ಅನುರಾಧಾಳನ್ನು ಹೊಗಳಿದ ದಿನವೇ, ಅವಳ ಮಾರ್ಗದರ್ಶಕ ಡಾಕ್ಟರ್ ನಾಗಲಿಂಗ ಆ ಸಂಶೋಧನೆಯನ್ನು ಕದಿಯಲು ನಿರ್ಧರಿಸಿದ. ಖಾನಾಪುರದ ಕಡೆ ಕುರಿ ಮೇಯಿಸುವ ಭರಮಪ್ಪನ ಮಗಳು! ಬೆಳಗಾವಿಯಲ್ಲಿ ಇಪ್ಪತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವನು ತಾನು, ಚಪ್ಪಾಳೆ ಅವಳಿಗೆ.

ವಿಷಯ ಮಾತ್ರ ದೊಡ್ಡದೇ. ಮೈಯ ಜೀವಕೋಶಗಳು ತಮ್ಮ ಹೊರಮೈಯಲ್ಲಿ ಗುರುತಿನ ಪ್ರೋಟೀನು ಹೊತ್ತು, ಒಳಗೆ ನಡೆಯುವುದನ್ನು ಕಾವಲಿನ ಬಿಳಿ ರಕ್ತಕಣಗಳಿಗೆ ತೋರಿಸುತ್ತಿರುತ್ತವೆ. ಪಾರಿಶ್ವಾಡದ ಸಂಗವ್ವ ಎಂಬ ರೋಗಿಯ ಬಾಯಿಯ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳು ಆ ಗುರುತನ್ನೇ ಕಳಚಿಹಾಕಿದ್ದವು. ಕಾವಲಿನ ಕಣಗಳು ಪಕ್ಕದಲ್ಲೇ ಸುಳಿದರೂ ಅವಕ್ಕೆ ಕಳ್ಳ ಕಾಣಲಿಲ್ಲ. ಮೂರು ವರ್ಷ ಕೂತು ಅನುರಾಧಾ ಇದನ್ನು ಹಿಡಿದಿದ್ದಳು.

ಕಳವು ಸಲೀಸಾಯಿತು. ತಂದೆಗೆ ಹುಷಾರಿಲ್ಲವೆಂದು ಅವಳು ಊರಿಗೆ ಹೋದ ವಾರ, ಸಂಗವ್ವನ ಗಡ್ಡೆಯ ಚೂರು ಅಂಟಿಸಿದ ಅವಳ ಗಾಜಿನ ಸ್ಲೈಡುಗಳನ್ನು ಅವನು ಕ್ಯಾಂಪ್ ಬಡಾವಣೆಯ ತನ್ನ ಬಂಗಲೆಗೆ ಒಯ್ದ. ಅವುಗಳ ಪೆಟ್ಟಿಗೆಯಲ್ಲಿ ಬೇರೆ ಒಡೆದ ಗಾಜು ತುಂಬಿಟ್ಟು, ಜವಾನ ತಮ್ಮಣ್ಣನ ಕೈ ಜಾರಿತೆಂದು ಸುದ್ದಿ ಹಬ್ಬಿಸಿದ.

"ನಾ ಮುಟ್ಟೇ ಇಲ್ರೀ ಸಾಹೇಬ್ರ," ಎಂದು ತಮ್ಮಣ್ಣ ಅತ್ತ. ಜವಾನನ ಮಾತು ಯಾರಿಗೆ ಬೇಕು?

ಸಂಗವ್ವನ ಹೆಸರಿದ್ದರೆ ಜನಕ್ಕೆ ಅನುರಾಧಾ ನೆನಪಾಗುತ್ತಾಳೆ. ಅದಕ್ಕೆ ಕಾಗದದ ಮೇಲೆ ಹೊಸ ರೋಗಿಯನ್ನು ಹುಟ್ಟಿಸಿದ: ರಾಯಪ್ಪ, ಗಂಡಸು, ವಯಸ್ಸು ಐವತ್ತೆಂಟು, ಊರು ಲೋಂಡಾ. ವರ್ಷದ ಹಿಂದೆ ತೀರಿಕೊಂಡವ. ಇನ್ನು ಅವನನ್ನು ಹುಡುಕಿಕೊಂಡು ಹೋಗುವವರಾರು?

ಮರಳಿ ಬಂದ ಅನುರಾಧಾ ಒಡೆದ ಗಾಜನ್ನು ನೋಡುತ್ತ ನಿಂತಳು.

"ಹೋಗ್ಲಿ ಬಿಡವಾ, ಮತ್ತ ಮಾಡಿದ್ರಾತು. ನಿಮ್ಮ ಮಂದಿಗೆ ದುಡಿಮಿ ರೂಢಿ ಐತಲ್ಲ," ಎಂದ ನಾಗಲಿಂಗ. ಅವಳು ಬಗ್ಗಿ ಗಾಜಿನ ಚೂರುಗಳನ್ನು ಆರಿಸತೊಡಗಿದಳು. ಉತ್ತರ ಕೊಡುವಷ್ಟು ಬುದ್ಧಿ ಇದ್ದರಲ್ಲವೇ, ಎಂದುಕೊಂಡ.

ಎರಡು ಸಾವಿರನೇ ಇಸವಿಯ ಡಿಸೆಂಬರಿನ ಸಮ್ಮೇಳನದಲ್ಲಿ, ಇನ್ನೂರು ವೈದ್ಯರ ಎದುರು, ತೆರೆಯ ಮೇಲೆ ರಾಯಪ್ಪನ ಗಡ್ಡೆ ನೇರಳೆ ಬಣ್ಣದಲ್ಲಿ ಅರಳಿತು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಅನುರಾಧಾ ಎದ್ದಳು. "ಸರ್, ಎಡಗಡೆ ಮೂಲ್ಯಾಗ ಒಂದು ಬಿಳಿ ರಕ್ತಕಣ ಐತಲ್ರೀ, ಅದರ ಮ್ಯಾಲೆ ಸ್ವಲ್ಪ ತೋರಿಸೋ ಕಡ್ಡಿ ಇಡ್ರಿ." ನಾಗಲಿಂಗ ಮುಗುಳ್ನಕ್ಕು ಇಟ್ಟ. ಕಣದ ನಡುವಿನ ಬೀಜಕ್ಕೆ ಡೋಲು ಬಾರಿಸುವ ಕೋಲಿನಂಥ ಪುಟ್ಟ ಮೊಳಕೆಯೊಂದು ಅಂಟಿಕೊಂಡಿತ್ತು. ಅದು ಹೆಂಗಸರ ರಕ್ತಕಣದಲ್ಲಿ ಮಾತ್ರ ಕಾಣುವ ಗುರುತು. ಮೊದಲ ವರ್ಷದ ಹುಡುಗರಿಗೆ ಅದನ್ನು ಪ್ರತಿ ಸಲ ಕಲಿಸುತ್ತ ಬಂದವನು ಅವನೇ. ಮುಂದಿನ ಸಾಲಿನಲ್ಲಿ ಯಾರೋ ಕನ್ನಡಕ ಹಾಕಿಕೊಂಡು ತೆರೆಯತ್ತ ಬಾಗಿದರು. ಅನುರಾಧಾ ಇನ್ನೂ ನಿಂತೇ ಇದ್ದಳು. "ಹಂಗಾರ ರಾಯಪ್ಪ ಹೆಂಗಸೇನ್ರೀ, ಸರ್?"