ಎತ್ತಿಗೆ ಹುಲ್ಲಾಕ್ಬೇಕು

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ಚಿಕ್ಕಬಸಪ್ಪನ ಊರಿನ ಕಟ್ಟಳೆ ಅದು. ಎತ್ತಿಗೆ ರಜ ಎಂದರೆ ಅವನಿಗೂ ರಜ. ಆ ದಿನ ಮೊಸರಿನ ಗಡಿಗೆ ಹಿಡಿದು ಮೂರು ಮೈಲಿ ನಡೆದು ಪಿರಿಯಾಪಟ್ಟಣದ ಚಿಕ್ಕಮ್ಮನ ಮನೆಗೆ ಬರುತ್ತಿದ್ದ. ಅಲ್ಲಿ ಬಾಡಿಗೆಗಿದ್ದವಳು ಹೆಣ್ಣುಮಕ್ಕಳ ಸ್ಕೂಲಿನ ಟೀಚರ್ ನೀಲಾಂಬಿಕೆ. ಪಾಪ, ಅವಳಿಗೆ ರಜ ಭಾನುವಾರ!

ಸ್ಕೂಲಿನ ಕಿಟಕಿಯ ಎದುರಿಗೆ ಬಂದ ಕೂಡಲೇ ಅವನ ಕಾಲಿಗೆ ಮುಳ್ಳು ಚುಚ್ಚುತ್ತಿತ್ತು. ಪ್ರತಿ ಸೋಮವಾರವೂ, ಅದೇ ಜಾಗದಲ್ಲಿ. ಬಗ್ಗಿದವನು ಮೆಲ್ಲಗೆ ತಲೆಯೆತ್ತುವನು. ಒಳಗೆ ಮಗ್ಗಿ ಹೇಳಿಕೊಡುತ್ತಿದ್ದವಳು "ಏಳೇಳ್ಲ..." ಎಂದು ಮರೆತು ನಿಲ್ಲುವಳು. ಮಕ್ಕಳು ಕಿಸಕ್ಕನೆ ನಗುತ್ತಿದ್ದರು.

ಅವಳು ಐದಕ್ಕೆ ಓಡೋಡಿ ಮನೆಗೆ ಬಂದರೆ ಅವನು ನಾಲ್ಕಕ್ಕೇ ಹೊರಟಿರುತ್ತಿದ್ದ. "ಎತ್ತಿಗೆ ಹುಲ್ಲಾಕ್ಬೇಕಂತೆ" ಎನ್ನುತ್ತಿದ್ದರು ಚಿಕ್ಕಮ್ಮ. ಅವನು ತಂದ ಮೊಸರಿನಲ್ಲಿ ಅನ್ನ ಕಲಸಿಕೊಂಡು ಉಣ್ಣುವಾಗ ನೀಲಾಂಬಿಕೆಗೆ ಅಳು ಬರುತ್ತಿತ್ತು.

ಮುಂಗಾರು ಹಿಡಿದ ವಾರ ವರ್ಗಾವಣೆಯ ಆರ್ಡರ್ ಬಂತು. ಮಂಗಳವಾರ ಹೊಸ ಅಗ್ರಹಾರ ಎಂಬ ಊರಿನ ಸ್ಕೂಲಿನಲ್ಲಿ ಹಾಜರಾಗಬೇಕು. ಸೋಮವಾರವೇ ಬಸ್ಸು ಹತ್ತಬೇಕು. ಭಾನುವಾರ ಅವಳು ಸೆರಗು ಹೊದ್ದು, ಚಿಕ್ಕಬಸಪ್ಪನ ಹೊಲದ ದಾರಿ ಹಿಡಿದಳು.

ಅವನು ಸಾಲು ಹೊಡೆಯುತ್ತಿದ್ದ. ಹಿಂದೆ ಅವನ ತಾಯಿ ಪುಟ್ಟಮಲ್ಲಮ್ಮ ಅವರೆಕಾಳು ಉದುರಿಸುತ್ತಿದ್ದರು. ಹದ ಆರಿಹೋಗುವ ಮೊದಲು ಬಿತ್ತನೆ ಮುಗಿಯಬೇಕು, ಎತ್ತು ನಿಲ್ಲಿಸುವಂತಿಲ್ಲ. ಬದುವಿನ ಬಳಿ ತಿರುಗುವಾಗ ಒಂದೊಂದೇ ಮಾತು.

"ಏನ್ ಮೇಷ್ಟ್ರಮ್ಮ, ಇಷ್ಟು ದೂರ?"

ಅವನು ಹೋಗಿ ಬರುವ ತನಕ ಅವಳು ಕಾದಳು. "ನಾಳೆ ಹೋಗ್ತಿದ್ದೀನಿ. ಹೊಸ ಅಗ್ರಹಾರಕ್ಕೆ ವರ್ಗ ಆಯ್ತು."

ಆ ಸಾಲು ಸೊಟ್ಟಗಾಯಿತು. ತಿರುಗಿ ಬಂದಾಗ ಅವನ ದನಿ ಉಡುಗಿತ್ತು. "ಓಗ್ಬ್ಯಾಡಿ ಅನ್ನಕ್ಕೆ ನಾನ್ಯಾರು ಬುಡಿ."

"ಅದನ್ನೇ ಕೇಳೋಕೆ ಬಂದೆ ಕಣ್ರೀ. ನೀವ್ಯಾರು ನನಗೆ?"

ಈಗ ಎತ್ತು ನಿಂತವು. ಚಿಕ್ಕಬಸಪ್ಪ ಅವ್ವನ ಮುಖ ನೋಡಿದ. ಅವರು ಹೂಂ ಎಂದು ತಲೆಯಾಡಿಸಿದರು. ಅವನು ಅವ್ವನ ಕೈಯ ಕಾಳಿನ ಬುಟ್ಟಿ ತೆಗೆದುಕೊಂಡು ನೀಲಾಂಬಿಕೆಯ ಮುಂದೆ ಹಿಡಿದ.

"ನಮ್ಮಟ್ಟೀಲಿ ಬೀಜ ಆಕೋದು ಮನೆ ಹೆಣ್ಮಕ್ಳೇ. ಬ್ಯಾರೆಯೋರ ಕೈಗೆ ಕೊಡಾಕಿಲ್ಲ. ಆಕ್ತೀರಾ?"

"ನಾನು ಕೆಲಸ ಬಿಡಲ್ಲ."

"ಬುಡಿ ಅಂದೋರ್ಯಾರು?"

ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ಬರಿಗಾಲಲ್ಲಿ ಸಾಲಿಗೆ ಇಳಿದಳು. ಎತ್ತು ಮತ್ತೆ ಹೊರಟವು. ಕಣ್ಣು ಮಂಜಾಗಿ ಕಾಳು ಒಂದು ಕಡೆ ಗುಂಪು, ಒಂದು ಕಡೆ ಖಾಲಿ ಬಿದ್ದವು. ಎಷ್ಟು ದಿನದಿಂದ ಬೇಕಾಗಿದ್ದವನ ಬೆನ್ನು ಅದು, ಮೂರೇ ಹೆಜ್ಜೆ ಮುಂದೆ. ಆದರೆ ನಾಳೆಯೇ ಬಸ್ಸು.

"ನಾಳೆ ಟ್ರಂಕು ಒತ್ಕಂಡು ಅಲ್ಲೀಗಂಟ ನಾನೂ ಬತ್ತೀನಿ. ಇನ್ಮೇಲೆ ಸೋಮವಾರ ಸೋಮವಾರ ಅಲ್ಲಿಗೇ," ಎಂದ ಅವನು, ತಿರುಗದೆ.

"ಸಂಜೆ ಎತ್ತಿಗೆ ಹುಲ್ಲು?"

ಬದುವಿನ ಮೇಲಿಂದ ಪುಟ್ಟಮಲ್ಲಮ್ಮ ನಕ್ಕರು. "ದಿನಾ ಸಂಜೆ ನಾನೇ ಕಣವ್ವ ಆಕೋದು. ಇವ್ನು ಯಾವತ್ತು ಆಕವ್ನೆ?"

ನೀಲಾಂಬಿಕೆ ಕಾಳು ಹಿಡಿದ ಕೈಯನ್ನು ಸೊಂಟಕ್ಕಿಟ್ಟು ಚಿಕ್ಕಬಸಪ್ಪನನ್ನೇ ನೋಡಿದಳು.

ಅವನು ಬಗ್ಗಿ ಕಾಲಿನಲ್ಲಿ ಮುಳ್ಳು ಹುಡುಕತೊಡಗಿದ.