ನಡುವಿನ ಮೂವತ್ತು ಮುಖಗಳು

"ಟೀಟಾ, ಬೆಕ್ಕಿಗೆ ಮೂರು ಕಿವಿ ಬಂತು!"

ಜೋವಿ ಕುರ್ಚಿಯಲ್ಲೇ ಕುಣಿದಳು. ಕಂಪ್ಯೂಟರಿನ ಪರದೆಯ ಮೇಲೆ ಟೀಟಾ ಮಿಲಾಳ ಮುಖ ನಿಧಾನವಾಗಿ ಪಕ್ಕದ ಮನೆಯ ಬೆಕ್ಕಾಗುತ್ತಿತ್ತು. ಮೀಸೆಯೇನೋ ಚೆನ್ನಾಗಿಯೇ ಮೂಡಿತ್ತು. ಆದರೆ ಎರಡು ಕಿವಿಗಳ ನಡುವೆ ಟೀಟಾಳ ತುರುಬು ಮೂರನೆಯ ಕಿವಿಯಂತೆ ಎದ್ದು ನಿಂತಿತ್ತು.

"ತುರುಬಿಗೆ ಚುಕ್ಕೆ ಇಡೋದು ಮರೆತ್ಯಲ್ಲ, ಪೆದ್ದಿ! ಸರಿ, ಬರ್ಕೋ. ಎರಡನೇ ಸಿಡಿ. ಕಲಿಯೋಕೆ ಸುಲಭ. ಆದ್ರೆ ಚುಕ್ಕೆ ಅಳಿಸೋ ಬಟನ್ ಹುಡುಕೋಷ್ಟರಲ್ಲಿ ಮುದುಕಿ ಆಗ್ತೀವಿ."

"ಹಂಗೇ ಬರೀಲಾ?"

"ಹಂಗೇ ಬರಿ."

ಟೀಟಾ ಅಂದರೆ ಚಿಕ್ಕಮ್ಮ; ಮಿಲಾ ಜೋವಿಯ ಅಮ್ಮನ ತಂಗಿ. ಫಿಲಿಪೀನ್ಸಿನ ಇಲೋಇಲೋ ಊರಿನ ಒಂದು ವಾರಪತ್ರಿಕೆಗೆ ಕಂಪ್ಯೂಟರ್ ಪುಟ ಬರೆಯುತ್ತಿದ್ದಳು. ಎರಡು ಫೋಟೋಗಳಲ್ಲೂ ಕಣ್ಣು, ಮೂಗಿಗೆ ಚುಕ್ಕೆ ಇಟ್ಟರೆ ಒಂದು ಮುಖವನ್ನು ಇನ್ನೊಂದು ಮುಖವಾಗಿ ಬದಲಿಸುವ ಮೂರು ಸಾಫ್ಟ್‌ವೇರ್‌ಗಳು ಸಿಡಿಯಲ್ಲಿ ಅಂಗಡಿಗೆ ಬಂದಿದ್ದವು. ಮನೆಮಂದಿ ಕೊಳ್ಳಬೇಕಾದದ್ದು ಯಾವುದು ಎಂದು ಅವಳು ಈ ವಾರ ಹೇಳಬೇಕಿತ್ತು. ಹತ್ತು ವರ್ಷದ ಜೋವಿಗೆ ಬಂದರೆ ಯಾರಿಗಾದರೂ ಬರುತ್ತದೆ ಎಂಬುದು ಟೀಟಾಳ ನಂಬಿಕೆ.

"ನಾನು ನೂಡಲ್ಸ್ ಸೂಪಿಗೆ ಇಡ್ತೀನಿ. ನಾಲ್ಕಕ್ಕೆ ನಿಮ್ಮಮ್ಮನ ಫೋನ್ ಬರುತ್ತೆ. ಅಷ್ಟರಲ್ಲಿ ಮೂರನೇದು ನೋಡಿ ಮುಗಿಸು, ಇಂದಾಯ್."

ಮುದ್ದಿನಿಂದ 'ಇಂದಾಯ್' ಎಂದು ಕರೆದು ಟೀಟಾ ಅಡುಗೆಮನೆಗೆ ಹೋದದ್ದೇ ತಡ, ಜೋವಿ ಗಣಿತದ ಪುಸ್ತಕದಿಂದ ಎರಡು ಫೋಟೋ ತೆಗೆದಳು.

ಮೊದಲನೆಯದು ಅಮ್ಮ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೊರಟ ದಿನದ್ದು. ಸೊಂಟದವರೆಗೆ ಜಡೆ, ತುಂಬಿದ ಕೆನ್ನೆ. ಆಗ ಜೋವಿಗೆ ಐದು ವರ್ಷ. ಎರಡನೆಯದು ಮೊನ್ನೆ ಮಂಗಳವಾರವಷ್ಟೇ ಅಂಚೆಯಲ್ಲಿ ಬಂದದ್ದು. ಐದು ವರ್ಷಗಳಲ್ಲಿ ಅಮ್ಮ ಕಳಿಸಿದ ಮೊದಲ ಫೋಟೋ. ಹುಡುಗರ ಹಾಗೆ ಕತ್ತರಿಸಿದ ಕೂದಲು, ಎದ್ದು ಕಾಣುವ ಕೆನ್ನೆಯ ಮೂಳೆ. ಎಲ್ಲರೂ "ಎಷ್ಟು ಚೆಂದ ಕಾಣ್ತಾಳೆ" ಎಂದಿದ್ದರು. ಜೋವಿಯೂ "ಹೂಂ" ಎಂದಿದ್ದಳು. ಆದರೆ ಆ ಹೆಂಗಸನ್ನು ನೋಡಿದರೆ ಅವಳ ಬಾಯಿಗೆ "ನಾನಾಯ್", ಅಮ್ಮಾ, ಎಂಬ ಕರೆಯೇ ಬರುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಎರಡನ್ನೂ ಸ್ಕ್ಯಾನ್ ಮಾಡಿದಳು. ಕಣ್ಣಿಗೆ ಚುಕ್ಕೆ, ಮೂಗಿಗೆ ಚುಕ್ಕೆ, ತುಟಿಯ ತುದಿಗಳಿಗೆ ಚುಕ್ಕೆ. ಈ ಸಲ ಜಡೆಯನ್ನೂ ಮರೆಯಲಿಲ್ಲ.

ಕಂಪ್ಯೂಟರ್ ಗುರುಗುಟ್ಟಿ ನಡುವಿನ ಮೂವತ್ತು ಚಿತ್ರ ಮಾಡಿಕೊಟ್ಟಿತು. ಜಡೆ ಕರಗುತ್ತ ಬಂತು. ಕೆನ್ನೆ ಮೆಲ್ಲಗೆ ಇಳಿಯಿತು. ಜೋವಿ ಬೆರಳು ಮಡಚಿ ಎಣಿಸಿದಳು: ಐದು ವರ್ಷಕ್ಕೆ ಮೂವತ್ತು, ಅಂದರೆ ವರ್ಷಕ್ಕೆ ಆರು. ಹದಿನೈದನೆಯ ಚಿತ್ರದಲ್ಲಿ ನಿಲ್ಲಿಸಿದಳು.

"ಟೀಟಾ! ಬಾ ಇಲ್ಲಿ! ನಂಗೆ ಸೀತಾಳೆ ಸಿಡುಬು ಬಂದಿತ್ತಲ್ಲ, ಎರಡನೇ ಕ್ಲಾಸಲ್ಲಿ? ಆಗ ನಾನಾಯ್ ಹಿಂಗಿದ್ಲು, ಅಲ್ವಾ?"

ಸೌಟು ಹಿಡಿದೇ ಬಂದ ಟೀಟಾ ಪರದೆ ನೋಡಿದಳು. ಜಡೆ ಅಲ್ಲಿ ಹೊಗೆಯಂತಿತ್ತು. ಅದರೊಳಗಿಂದ ಗೋಡೆ ಕಾಣುತ್ತಿತ್ತು.

"ಅದಕ್ಕೇನು ಗೊತ್ತು ಇಂದಾಯ್?" ಎಂದಳು ಮೆತ್ತಗೆ. "ಈ ತುದಿ ಆ ತುದಿ ನಾವು ಕೊಟ್ವಿ. ನಡುವಿಂದು ಅದು ಸುಮ್ನೆ ಬೆರೆಸಿ ಹಾಕಿದೆ."

"ಹಂಗಾದ್ರೆ ಇವಳ್ಯಾರು?"

ಟೀಟಾ ಉತ್ತರಿಸುವ ಮೊದಲೇ ಫೋನ್ ರಿಂಗಾಯಿತು. ಭಾನುವಾರ, ಸರಿಯಾಗಿ ನಾಲ್ಕು ಗಂಟೆ. ಜೋವಿ ಓಡಿಹೋಗಿ ಎತ್ತಿದಳು.

"ಜೋವಿ! ಊಟ ಆಯ್ತಾ? ಪರೀಕ್ಷೆ ಹೆಂಗಾಯ್ತು?"

ಪ್ರತಿ ವಾರದ ಪ್ರಶ್ನೆಗಳು. ಜೋವಿ ಇವತ್ತು ತನ್ನದೇ ಪ್ರಶ್ನೆ ಕೇಳಿದಳು.

"ನೀನು ಯಾವಾಗ ಕೂದ್ಲು ಕತ್ತರಿಸಿದ್ದು?"

ಅಮ್ಮನ ಹಿಂದೆ ಬೀದಿಯ ಫೋನಿಗೆ ಸಾಲಿನಲ್ಲಿ ನಿಂತ ಹೆಂಗಸರ ನಗು ಕೇಳಿಸುತ್ತಿತ್ತು.

"ಬಂದ ವರ್ಷಾನೇ," ಎಂದಳು ಅಮ್ಮ. "ಕೆಲಸದ ಮನೇಲಿ ಒಂದು ಪಾಪು ಇತ್ತು. ನನ್ನ ಜಡೆ ಹಿಡ್ಕೊಂಡೇ ನಿದ್ದೆ ಮಾಡೋದು, ಥೇಟ್ ನಿನ್ನ ಹಾಗೆ. ಅದು ಹಿಡಿದಾಗೆಲ್ಲ ನೀನೇ ನೆನಪಾಗ್ತಿದ್ದೆ. ತಡೆಯೋಕಾಗ್ಲಿಲ್ಲ. ಒಂದಿನ ಬಚ್ಚಲಿಗೆ ಹೋಗಿ ಕತ್ತರಿಸೇಬಿಟ್ಟೆ."

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ. ಮಾರನೇ ದಿನ ಬಾಚ್ಕೊಳ್ಳೋಕೆ ಕೂತ್ರೆ ಕೈ ತಾನಾಗೇ ಸೊಂಟದ ತನಕ ಹೋಗ್ತಿದೆ! ಅಲ್ಲೇನಿದೆ, ಮಣ್ಣು?" ಅಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅದಕ್ಕೇ ಇಷ್ಟು ದಿನ ಫೋಟೋ ಕಳಿಸ್ಲಿಲ್ಲ. ನೀನು ಗುರುತು ಹಿಡೀತೀಯೋ ಇಲ್ವೋ ಅಂತ. ಹಿಡಿದ್ಯಾ?"

ಸುಳ್ಳು ಹೇಳೋಣ ಎನ್ನಿಸಿತು ಜೋವಿಗೆ.

"ಮೊದ್ಲು ಹಿಡೀಲಿಲ್ಲ," ಎಂದಳು.

"ಈಗ?"

"ಈಗ ಸ್ವಲ್ಪ ಸ್ವಲ್ಪ."

ಅಡುಗೆಮನೆಯಿಂದ ಸೂಪಿನ ಘಮ ಬಂತು. ಜೋವಿ ಕಂಪ್ಯೂಟರಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತಳು. ರಿಸೀವರನ್ನು ಎರಡೂ ಕೈಗಳಿಂದ ಕಿವಿಗೆ ಒತ್ತಿಕೊಂಡಳು.

"ಅದಾದ ಮುಂದಿನ ವರ್ಷ?" ಎಂದು ಕೇಳಿದಳು. "ನಾನು ಒಂದನೇ ಕ್ಲಾಸಲ್ಲಿದ್ದಾಗ ನಿಂಗೇನೇನಾಯ್ತು? ಎಲ್ಲಾ ಹೇಳು."